ಕಣಜದಲ್ಲಿ ಉಳಿದ ಊರು

ಮಾಘದ ಮಂಜು ಇನ್ನೂ ಬಾಳೆಗಿಡಗಳ ಮೇಲಿಂದ ಎದ್ದಿಲ್ಲ. ತರುಲತಾ ಸಂದಿಕೈ ಮಿಂದು, ಒದ್ದೆ ಕೂದಲಿಗೆ ಗಮೊಸಾ ಸುತ್ತಿಕೊಂಡು, ಏಣಿ ಹತ್ತಿ ಕಣಜದ ಬಾಗಿಲು ತೆಗೆಯುತ್ತಾರೆ. ಮೀಯದೆ ಅಲ್ಲಿ ಕಾಲಿಡುವಂತಿಲ್ಲ, ಒಳಗಿರುವವಳು ಲಕ್ಷ್ಮಿ. ಆದರೆ ಭತ್ತದ ರಾಶಿಗೆ ಮೊಣಕೈವರೆಗೆ ಕೈ ತೂರಿಸಿ ಅವರು ಹೊರಗೆಳೆಯುವುದು ತಗಡಿನ ಡಬ್ಬಿಯನ್ನು. ಮುಚ್ಚಳ ತೆಗೆದು ಮೂಸುತ್ತಾರೆ. ಸಿನಿಮಾ ರೀಲು ಕೆಡಲು ಶುರುವಾದರೆ ಹುಳಿ ವಾಸನೆ ಹೊಡೆಯುತ್ತದೆ. ಹೋದ ವರ್ಷದವರೆಗೆ ಒಂದು ಡಬ್ಬಿಯೂ ನಾರಿರಲಿಲ್ಲ. ಈ ಚಳಿಗಾಲ ಎರಡು ನಾರುತ್ತಿವೆ.

ನೂಲು ಸುತ್ತುವ ರಾಟೆಗೇ ರೀಲು ಸಿಕ್ಕಿಸಿ, ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸುತ್ತಾ ಅವರು ನಿಧಾನವಾಗಿ ಸುತ್ತುತ್ತಾರೆ. ಒಂದು ಡಬ್ಬಿ ಮುಗಿಯುವಷ್ಟರಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ. ವಯಸ್ಸು ಅರವತ್ತು ದಾಟಿದೆ. "ನನ್ನ ಬೆನ್ನು ಹೋದ್ರೆ ಎಣ್ಣೆ ತಿಕ್ಕಬೋದು. ಇದು ಹೋದ್ರೆ ಏನು ತಿಕ್ತೀರಿ?" ಎನ್ನುತ್ತಾರೆ.

ರೀಲು ಇಂದ್ರೇಶ್ವರ ರಾಜಖೋವಾ ಅವರದು. ಏಳು ಕಾದಂಬರಿ ಬರೆದ ಮೇಷ್ಟ್ರು, ಮೂರು ಸಿನಿಮಾ ಮಾಡಿದ ಹಟಮಾರಿ. ಅವರ ಹೆಸರಲ್ಲಿ ಜೋರ್ಹಾಟಿನಲ್ಲಿ ವರ್ಷಕ್ಕೊಮ್ಮೆ ಸಭೆ ನಡೆಯುತ್ತದೆ, ಭಾಷಣಗಳಿಗೇನೂ ಬರವಿಲ್ಲ. ಆದರೆ ಗುವಾಹಟಿಯ ಅವರ ಮನೆಗೆ ನೆರೆ ನುಗ್ಗಿ ಎರಡು ಸಿನಿಮಾ ಕರಗಿಹೋದವು. ಉಳಿದದ್ದು ಮೊದಲನೆಯದು, ನದಿ ನಡುವಿನ ದ್ವೀಪ ಮಾಜುಲಿಯ ಈ ಕಣಜದಲ್ಲಿ. ಅದನ್ನು ಇಷ್ಟು ವರ್ಷ ಕಾಪಾಡಿದವರ ಹೆಸರನ್ನು ಯಾವ ಭಾಷಣಕಾರರೂ ಎತ್ತಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಆ ಸಿನಿಮಾ ತೆಗೆಯಲು ರಾಜಖೋವಾ ಇದೇ ದ್ವೀಪದ ಕಠಾಲ್‌ಗುರಿಗೆ, ತರುಲತಾ ಹುಟ್ಟಿದೂರಿಗೆ, ಬಂದಾಗ ಅವರಿಗೆ ಹತ್ತೊಂಬತ್ತು. ಮಗ್ಗದಲ್ಲಿ ಕಡಿದ ಎಳೆಯನ್ನು ಗಂಟು ಕಾಣದಂತೆ ಜೋಡಿಸುವ ಹುಡುಗಿ. ಆ ಬೆರಳು ನೋಡಿದ ಮೇಷ್ಟ್ರು, ಅವಳ ಅಪ್ಪನನ್ನು ಒಪ್ಪಿಸಿ ಜೋರ್ಹಾಟಿನ ಬಾಡಿಗೆ ಕೋಣೆಗೆ ಕರೆದೊಯ್ದು ಫಿಲ್ಮ್ ಕತ್ತರಿಸಿ ಅಂಟಿಸುವುದನ್ನು ಕಲಿಸಿದರು. ಎಲ್ಲಿ ಕತ್ತರಿಸಬೇಕೆಂದು ಹೇಳುವುದು ಅವರು, ಕತ್ತರಿಸುವುದು ಇವಳು.

ಅಲ್ಲಿ ಕತ್ತರಿಸಿ ಎಸೆಯಬೇಕಾಗಿ ಬಂದದ್ದು ಬಹುಪಾಲು ಇವಳ ಅಮ್ಮನನ್ನೇ. ಮನೆಗೆ ಬಂದವರಿಗೆ ತಾಂಬೂಲ ಕೊಡದಿದ್ದರೆ ಊರ ಮಾನ ಹೋಯಿತು ಅನ್ನುವ ಜನ ಕಠಾಲ್‌ಗುರಿಯವರು. ನಟಿ ಬಾವಿಕಟ್ಟೆಯಲ್ಲಿ ಕಣ್ಣೀರು ಹಾಕುತ್ತಿದ್ದರೆ, ಹಿಂದಿನಿಂದ ಅಮ್ಮ ಕಂಚಿನ ಬಟ್ಟಲಲ್ಲಿ ವೀಳ್ಯ ಅಡಿಕೆ ಹಿಡಿದು ಸೀದಾ ಕ್ಯಾಮೆರಾದವನ ಹತ್ತಿರ ನಡೆದು ಬರುವಳು. ಮೇಷ್ಟ್ರು ಕೂಗುವರು. ಮತ್ತೆ ಶುರು ಮಾಡಿದರೆ ಇನ್ನೊಬ್ಬ ಅಜ್ಜ ಬಟ್ಟಲು ಹಿಡಿದು ಹಾಜರು. ಹೀಗೆ ಹಾಳಾದ ತುಂಡುಗಳನ್ನು ಸುಟ್ಟುಹಾಕು ಎಂದಿದ್ದರು ರಾಜಖೋವಾ. ಮೇಷ್ಟ್ರು ಜೋಪಾನ ಮಾಡಲು ಕೊಟ್ಟ ಸಿನಿಮಾ ಡಬ್ಬಿಗಳ ಜತೆ ತರುಲತಾ ಅವನ್ನೂ ಗೋಣಿಚೀಲಕ್ಕೆ ತುಂಬಿ ಊರಿಗೆ ತಂದರು.

ಆಮೇಲೆ ದ್ವೀಪವನ್ನು ಸುತ್ತಿದ ಲುಯಿತ್ ನದಿ ಕಠಾಲ್‌ಗುರಿಯನ್ನು ನುಂಗಿತು. ಮೊದಲು ಗದ್ದೆ, ಆಮೇಲೆ ಊರ ಭಜನೆಮನೆ ನಾಮ್‌ಘರ್, ಕೊನೆಗೆ ಮನೆಗಳು. ಮದುವೆಯಾಗಿ ಹೋದ ಊರೂ ಉಳಿಯಲಿಲ್ಲ. ಮೂರು ಸಲ ಗಂಟುಮೂಟೆ ಕಟ್ಟಿದರು, ಮೂರು ಸಲವೂ ದೋಣಿಗೆ ಮೊದಲು ಏರಿದ್ದು ಡಬ್ಬಿಗಳು ಮತ್ತು ಆ ಚೀಲ. ಲಕ್ಷ್ಮಿ ಇರೋ ಜಾಗದಲ್ಲಿ ನಟನಟಿಯರನ್ನ ಮಲಗಿಸ್ತೀಯೇನೇ ಎಂದು ಅತ್ತೆ ಸಾಯುವವರೆಗೆ ಚುಚ್ಚಿದರು. ಸೊಸೆಯದು ಒಂದೇ ಉತ್ತರ: ಇಡೀ ಮಾಜುಲಿಯಲ್ಲಿ ಒಣಗಿರುವ ಜಾಗ ಇನ್ಯಾವುದಿದೆ ತೋರಿಸಿ. ಅಮ್ಮನ ಒಂದು ಫೋಟೋ ಕೂಡ ಉಳಿದಿಲ್ಲ. ಅವಳು ಇರುವುದು ಆ ಚೀಲದಲ್ಲಿ ಮಾತ್ರ.

ಸಾಯುವ ಹಿಂದಿನ ವರ್ಷ ರಾಜಖೋವಾ ಬಂದಿದ್ದರು. ಚೀಲ ನೋಡಿ, ಕಸ ಯಾಕೆ ಕೂಡಿಟ್ಟಿದ್ದೀಯ ಎಂದು ಗದರಿದರು. ಆಮೇಲೆ ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಾ ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಕೂತರು, ಊಟಕ್ಕೂ ಏಳಲಿಲ್ಲ. "ಸಿನಿಮಾಕ್ಕೆ ಇದು ಬೇಡ ಕಣೆ ತರು. ಊರಿಗೆ ಬೇಕು," ಅಂದರಂತೆ ಹೊರಡುವಾಗ.

ಈಗ ಗುವಾಹಟಿಯಿಂದ ದ್ವೀಪೇನ್ ಮೇಧಿ ಬಂದಿದ್ದಾರೆ. ಹಳೆಯ ಸಿನಿಮಾ ಉಳಿಸುವ ಸಂಸ್ಥೆಯೊಂದರ ತರುಣ, ಸಭ್ಯ; ತರುಲತಾರನ್ನು ಕರೆಯುವುದು ಮಾಹಿ, ಚಿಕ್ಕಮ್ಮ, ಎಂದೇ. ಮಳೆಗಾಲದೊಳಗೆ ರೀಲು ನಕಲು ತೆಗೆಯುವ ಯಂತ್ರಕ್ಕೆ ಹೋಗದಿದ್ದರೆ ಕೈಬಿಟ್ಟಂತೆಯೇ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆದರೆ ಅನುಮತಿ ಇರುವುದು ಸಿನಿಮಾಕ್ಕೆ ಮಾತ್ರ, ಚೀಲಕ್ಕಲ್ಲ. ತರುಲತಾ ಏಣಿಯ ಬುಡದಲ್ಲಿ ಕೂತುಬಿಡುತ್ತಾರೆ.

"ಭತ್ತ ನಮಗೆ, ಹುಲ್ಲು ನಿಮಗೆ ಅಂತ ಲೆಕ್ಕ ಹಾಕ್ಬೇಡ ಮಗಾ. ಎರಡೂ ಒಂದೇ ಗದ್ದೇಲಿ ಬೆಳೆದದ್ದು. ಒಯ್ದರೆ ಎರಡೂ ಒಯ್ಯಿ."

"ಮಾಹಿ, ನೀವು ಹಟ ಹಿಡಿದ್ರೆ ಸಿನಿಮಾನೂ ಹೋಗುತ್ತೆ."

"ಗೊತ್ತು. ಅದಕ್ಕೇ ರಾತ್ರಿ ನಿದ್ದೆ ಇಲ್ಲ."

ಮಾತು ಮೆತ್ತಗೇ ಇದೆ, ತರುಲತಾ ಮಾತ್ರ ಜಗ್ಗುವುದಿಲ್ಲ. ನೆರೆಮನೆಯವರೆಲ್ಲ ಬಂದು ಬುದ್ಧಿ ಹೇಳುತ್ತಾರೆ. ಮೇಷ್ಟ್ರ ಹೆಸರು ನಿನ್ನಿಂದಲೇ ಅಳಿಸಿಹೋಗಬೇಕೇ ಎಂದು ಒಬ್ಬರು ಕೇಳಿದಾಗ ಅವರ ಕಣ್ಣು ತುಂಬುತ್ತದೆ, ಆದರೂ ಏಣಿ ಬಿಟ್ಟು ಏಳುವುದಿಲ್ಲ. ಮೇಧಿ ಬರಿಗೈಯಲ್ಲಿ ದೋಣಿ ಹತ್ತುತ್ತಾರೆ. ಮೂರನೆಯ ಡಬ್ಬಿಯೂ ನಾರಲು ಶುರುವಾಗುತ್ತದೆ. ತರುಲತಾ ದಿನಾ ಬೆಳಗ್ಗೆ ಮಿಂದು, ರಾಟೆ ತಿರುಗಿಸುತ್ತಾರೆ.

ಫಾಲ್ಗುಣದಲ್ಲಿ ಮೇಧಿ ಮತ್ತೆ ಬರುತ್ತಾರೆ. ಮೇಲಿನವರ ಜತೆ ಜಗಳವಾಡಿ ಚೀಲಕ್ಕೂ ಒಪ್ಪಿಗೆ ತಂದಿದ್ದಾರೆ. ತುಂಡುಗಳು ಅಲುಗಾಡುತ್ತವೆ, ಎಲ್ಲೆಲ್ಲೋ ಶುರುವಾಗಿ ಎಲ್ಲೆಲ್ಲೋ ನಿಲ್ಲುತ್ತವೆ, ಒಳ್ಳೆಯವನ್ನು ಆರಿಸಿ ಚೊಕ್ಕಟವಾಗಿ ಜೋಡಿಸಿಕೊಡಲೇ ಎಂದು ಕೇಳುತ್ತಾರೆ.

ಚೀಲದ ಬಾಯಿ ಕಟ್ಟುತ್ತಿದ್ದ ತರುಲತಾ ತಲೆ ಎತ್ತುತ್ತಾರೆ.

"ಆರಿಸೋದು ಗೀರಿಸೋದು ಏನೂ ಬೇಡಪ್ಪಾ. ಕತ್ತರಿ ಹಾಕಿದ್ದು ಸಾಕು, ಹಾಕಿದೋಳು ನಾನೇ. ನಮ್ಮಮ್ಮ ಬಟ್ಟಲು ಹಿಡ್ಕೊಂಡು ಎಷ್ಟು ದೂರ ಬರ್ತಾಳೋ ಅಷ್ಟು ದೂರ ಬರ್ಲಿ. ಬಂದೋರಿಗೆ ಕೊಡದೆ ಅವಳು ಯಾವತ್ತೂ ಹಿಂದಕ್ಕೆ ಹೋದೋಳಲ್ಲ."