ಬಸ್ಸಿನಲ್ಲಿ ಬ್ಯಾಗು ಕೊಡುವ ವಿಷಯ

ನಮ್ಮ ಯಜಮಾನರಿಗೆ ಬಸ್ಸಿನಲ್ಲಿ ಮರ್ಯಾದೆ ಸಿಗುತ್ತಿಲ್ಲವಂತೆ.

ಒಂದು ತಿಂಗಳಿಂದ ಇದೇ ದೂರು. ಸಂಜೆ ಬ್ರಹ್ಮಾವರದ ಆಫೀಸಿನಿಂದ ಕುಂದಾಪುರಕ್ಕೆ ಬಂದು, ಚಪ್ಪಲಿ ಬಿಟ್ಟು, ಚಹಾಕ್ಕೆ ಕೂರುವಾಗ ಶುರು. "ಕೊರೊನಾ ಹೋಯ್ತ್ ಕಾಣ್, ಜನ್ರ್ ಮಾತ್ರ ಮೊದ್ಲಿನ್ ಹಾಂಗ್ ಆಯ್ಲಿಲ್ಲ. ಇಡೀ ದಾರಿ ನಿಂತ್ಕಂಡ್ ಹೋತೆ. ಒಬ್ರಾರೂ ಬ್ಯಾಗ್ ಕೊಡಿ ಅಂದ್ರಾ?"

ನಮ್ಮ ಕಡೆಯ ಬಸ್ಸಿನಲ್ಲಿ ಓಡಾಡದವರಿಗೆ ಇದೇನು ದೊಡ್ಡ ಸಂಗತಿ ಅನ್ನಿಸಬಹುದು. ಸೀಟು ಸಿಕ್ಕಿದವರು ನಿಂತವರ ಬ್ಯಾಗನ್ನು ಮಡಿಲಲ್ಲಿಟ್ಟುಕೊಳ್ಳುವುದು ಇಲ್ಲಿನ ಪದ್ಧತಿ. ಪರಿಚಯ ಬೇಡ, ಥ್ಯಾಂಕ್ಸೂ ಬೇಡ. ಅವರು ಕೈ ಚಾಚಿದರು, ನೀವು ಕೊಟ್ಟಿರಿ, ಮುಗಿಯಿತು. ಪುಸ್ತಕದ ಚೀಲ, ಬಸಳೆಯ ಕಟ್ಟು, ಒಮ್ಮೊಮ್ಮೆ ಮಗು ಕೂಡ. (ಬೇರೆಯವರ ವಸ್ತು ಮುಟ್ಟಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದನ್ನು ನಾನು ಮರೆತದ್ದು ಈ ಬಸ್ಸುಗಳಲ್ಲೇ.)

ಕೊರೊನಾಕ್ಕೆ ಮುಂಚೆ ಇವರು ವರ್ಷಗಟ್ಟಲೆ ಅದೇ ಬೆಳಗಿನ ಬಸ್ಸಿನ ಗಿರಾಕಿ. ಆ ಬಸ್ಸಿನ ಸುದ್ದಿ ಇಲ್ಲದೆ ನಮ್ಮ ಮನೆಯಲ್ಲಿ ಊಟ ಇಳಿಯುತ್ತಿರಲಿಲ್ಲ. ಕೋಟದಲ್ಲಿ ಇಳಿಯುವ ಟೀಚರ್ ಮಗಳಿಗೆ ಗಂಡು ನೋಡುತ್ತಿರುವುದು, ಒಣಮೀನು ಮಾರುವ ಕೋಡಿಯ ಗಿರಿಜಕ್ಕ ಕಂಡಕ್ಟರನ ಬಾಯಿ ಮುಚ್ಚಿಸಿದ್ದು... ನಾನು ನೋಡದ ಜನರೆಲ್ಲ ನನಗೆ ನೆಂಟರಾಗಿದ್ದರು.

ಆಮೇಲೆ ಲಾಕ್‌ಡೌನ್. ನಮ್ಮ ಡೈನಿಂಗ್ ಟೇಬಲ್ಲೇ ಆಫೀಸಾಯಿತು (ಆ ಕತೆ ಕೇಳಬೇಡಿ). ಬಸ್ಸು ಮತ್ತೆ ಶುರುವಾದಾಗ ಕೆಲವು ದಿನ ಹೋದರು, ಯಾಕೋ ಸರಿ ಬರಲಿಲ್ಲ ಎಂದು ಸ್ಕೂಟರ್ ಕೊಂಡರು. ಹೈವೇಯ ಗಾಳಿ, ಸರ್ವಿಸ್ ರಸ್ತೆಯ ಹೊಂಡ, ಬೆನ್ನು ನೋವು. ಕಡೆಗೆ ಡಾಕ್ಟರು ಹೇಳಿದರು, "ಸ್ಕೂಟರ್ ಬಿಡಿ, ಬಸ್ಸಿಗೆ ಹೋಗಿ."

ಇವರಿಗೆ ಬೆನ್ನು ನೋವೇ ಮರೆತುಹೋಯಿತು. ಮೊದಲ ದಿನ ಇಸ್ತ್ರಿ ಅಂಗಿ, ಬಾಚಿದ ತಲೆ, ಬೇಸಿಗೆ ರಜೆ ಮುಗಿಸಿ ಶಾಲೆಗೆ ಹೊರಟ ಉತ್ಸಾಹ. ಸಂಜೆ ಬಂದಾಗ ಮುಖ ಸಪ್ಪೆ. ಅಂದಿನಿಂದ ಸುದ್ದಿಯೂ ಇಲ್ಲ, ನೆಂಟರೂ ಇಲ್ಲ. ದೂರು ಮಾತ್ರ.

ಮುಂಬಯಿಯ ನನ್ನ ನಾದಿನಿ ಫೋನಿನಲ್ಲಿ ಸಮಾಧಾನ ಹೇಳಿದಳು. "ಅಣ್ಣ, ಇಲ್ಲ್ ನೆಲದಡಿಯ ಮೆಟ್ರೋದಗೆ ಎಲ್ಲರ್ ಬ್ಯಾಗೂ ಅವ್ರವ್ರ್ ಎದಿ ಮೇಲೆ. ಕೆಮಿಗ್ ಇಯರ್‌ಫೋನಿನ ವಯರ್, ಕಣ್ಣ್ ಮೊಬೈಲಗೆ. ಪಕ್ಕದಗೆ ಯಾರ್ ಇದ್ರ್ ಅಂದೇಳಿ ಯಾರೂ ಕಾಂಬುದಿಲ್ಲ. ನಿಮ್ದೂ ಈಗ ಸಿಟಿ ಆಯ್ತ್." ಇವರು ನನ್ನತ್ತ 'ಕೇಳಿದೆಯಾ?' ಎಂಬಂತೆ ನೋಡಿದರು. ಕಾಲವೇ ಕೆಟ್ಟಿದ್ದರೆ ಇವರೇನು ಮಾಡಿಯಾರು, ಪಾಪ!

ಮೊನ್ನೆ ನಾನೂ ಅದೇ ಬಸ್ಸು ಹತ್ತಿದೆ. ಸಾಲಿಗ್ರಾಮದ ಗೆಳತಿ ಉಪ್ಪಿನಕಾಯಿಗೆ ಮಾವಿನ ಮಿಡಿ ತೆಗೆದಿಟ್ಟಿದ್ದಳು.

ನನಗೆ ಸೀಟು ಸಿಕ್ಕಿತು, ಇವರಿಗೆ ಸಿಗಲಿಲ್ಲ. ಪಕ್ಕದ ಸೀಟಿನಲ್ಲಿ ಯಾರು? ಕಾಲ ಬಳಿ ಇದ್ದ ಗೋಣಿಚೀಲದ ವಾಸನೆಯೇ ಪರಿಚಯ ಹೇಳಿತು. ಗಿರಿಜಕ್ಕ! ಅವರ ಮಡಿಲಲ್ಲಿ ಆಗಲೇ ಎರಡು ಕಾಲೇಜು ಬ್ಯಾಗು, ಅದರ ಮೇಲೊಂದು ಕೊಡೆ. ಕೋಟೇಶ್ವರದಲ್ಲಿ ಹತ್ತಿದ ಹುಡುಗಿಗೂ, "ತಾ ಹೆಣ್ಣೆ," ಎಂದು ಕೈ ಚಾಚಿದರು. ಆ ಕೈ ನಮ್ಮವರ ಮೂಗಿನ ಮುಂದಿನಿಂದಲೇ ಹಾದುಹೋಯಿತು.

ಅಲ್ಲಾ, ಜನ ಬದಲಾದದ್ದೆಲ್ಲಿ?

ತಿರುಗಿ ನೋಡಿದೆ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಬ್ಯಾಗು. ಲಸಿಕೆ ಹಾಕಿಸಲು ಹೊರಟ ಹಸುಗೂಸಿನ ಹಾಗೆ ಎದೆಗವಚಿಕೊಂಡಿದ್ದಾರೆ. ದೃಷ್ಟಿ ಕಿಟಕಿಯಾಚೆ.

"ಗಿರಿಜಕ್ಕ, ಇವ್ರದ್ದೂ ಒಂದ್ ಹಿಡ್ಕಂತ್ರಾ?" ಮೆಲ್ಲಗೆ ಕೇಳಿದೆ.

"ಯಾರ್ದ್? ಅವ್ರದ್ದಾ?" ಗಿರಿಜಕ್ಕನಿಗೆ ಮೆಲುದನಿ ಎಂಬುದು ಗೊತ್ತಿಲ್ಲ. "ಬ್ಯಾಡ ಮರಾಯ್ರೆ. ಅವ್ರ್ ಬ್ಯಾಗ್ ನಾವ್ ಮುಟ್ರೆ ಅದ್ಕ್ ಸ್ನಾನ ಆಯ್ಕ್."

"ಎಂತಕ್ಕೆ?"

"ಕೊರೊನಾ ಕಳ್ದ್ ಬಸ್ ತಿರ್ಗಿ ಶುರು ಆಪ್ ಹೊತ್ತಿಗೆ ನಾನ್ ಹಳಿ ಅಭ್ಯಾಸದಗೆ ಕೈ ಹಾಕ್ದೆ. ಇವ್ರ್ ಬ್ಯಾಗ್ ಎಳ್ಕಂಡ್, ಬಾಟ್ಲಿ ತೆಗ್ದ್, ಪುಸ್ ಪುಸ್ ಅಂದೇಳಿ ಹೊಡ್ದದ್ದೇ ಹೊಡ್ದದ್ದ್. ಬ್ಯಾಗಿಗ್ ಅಷ್ಟೇ ಅಲ್ಲ, ನನ್ ಕೈಗೂ!"

ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದಿನಿಂದ ಕಂಡಕ್ಟರ್, "ಹ್ವಾಯ್, ಅಂದ್ ಸ್ಪ್ರೇ ಹೊಡ್ದವ್ರ್ ನೀವೇಯಾ?" ಎಂದ.

ನಮ್ಮವರ ಕಿವಿ ಕೆಂಪಾಯಿತು. "ಅದ್... ಆಗ ಪೇಪರಗೆಲ್ಲ ಹಾಂಗೇ ಬರಿತಿದ್ರ್ ಗಿರಿಜಕ್ಕ."

"ನನ್ ಕೈ ಮುಟ್ಬ್ಯಾಡಿ ಅಂದೇಳಿ ಬರ್ದಿದ್ರಾ?"

ಸರಿ ಬರಲಿಲ್ಲ ಎಂದದ್ದರ ಒಳಗುಟ್ಟು ಇದು! ಸ್ಕೂಟರ್ ಬಂದದ್ದು ವೈರಸ್ಸಿಗೆ ಹೆದರಿ ಅಲ್ಲ, ಗಿರಿಜಕ್ಕನ ಮುಖ ನೋಡಲಾಗದೆ. 'ತಪ್ಪಾಯಿತು' ಎನ್ನುವುದಕ್ಕಿಂತ ಒಂದು ಸ್ಕೂಟರ್ ಕೊಳ್ಳುವುದು ಸುಲಭ ಅನ್ನಿಸುವ ಗಂಡಸರು ನಿಮ್ಮ ಮನೆಯಲ್ಲೂ ಇದ್ದಾರಾ? ಈಗ ತಿಂಗಳಿಂದ ಗಿರಿಜಕ್ಕ ಕೇಳಲಿ ಎಂದು ಇವರು, ಇವರಾಗಿ ಕೊಡಲಿ ಎಂದು ಗಿರಿಜಕ್ಕ. ನಡುವೆ ಬೆನ್ನು ನೋವಿನ ಮನುಷ್ಯ ಕಂಬಿಗೆ ನೇತಾಡುತ್ತಿದ್ದಾರೆ.

ನನಗೆ ಕನಿಕರವಾಯಿತು. "ಕೊಡಿ, ನಾನ್ ಹಿಡ್ಕಂತೆ," ಎಂದು ಕೈ ಚಾಚಿದೆ. ಇವರೂ ಬದುಕಿದೆಯಾ ಬಡಜೀವವೇ ಎಂಬಂತೆ ಬ್ಯಾಗು ಮುಂದೆ ಮಾಡಿದರು.

"ನೀವ್ ಸಾಲಿಗ್ರಾಮದಗೆ ಇಳುದಲ್ದಾ?" ಗಿರಿಜಕ್ಕ ನನ್ನನ್ನೇ ತಡೆದರು. "ಮತ್ತೆ ಬ್ರಹ್ಮಾವರದ್ ವರಿಗೆ ಯಾರ್ ಹಿಡ್ಕಂತ್ರ್?"

ಕೋಟೇಶ್ವರದ ಹುಡುಗಿ ಕಿವಿಯ ವಯರ್ ತೆಗೆದಳು. ನಮ್ಮವರು ಬ್ಯಾಗನ್ನು ನೋಡಿದರು, ಗಿರಿಜಕ್ಕನ ತುಂಬಿದ ಮಡಿಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ನೋಡಿದೆ.

"ಹಿಡ್ಕಣಿ ಗಿರಿಜಕ್ಕ," ಎಂದರು. "ಅಂದ್ ನಾನ್ ಹಾಂಗ್ ಮಾಡುಕಾಗ್ದಿತ್ತ್."

ಗಿರಿಜಕ್ಕ ಬ್ಯಾಗನ್ನು ತೆಗೆದುಕೊಂಡು ರಾಶಿಯ ಮೇಲೆ ಇಟ್ಟುಕೊಂಡರು. ಆಮೇಲೆ ತೂಗಿ ನೋಡಿ, "ಎಂತ ಭಾರ! ಬಾಟ್ಲಿ ಈಗ್ಳೂ ಇತ್ತಾ ಇದ್ರಗೆ?"

"ಇತ್ತ್. ಊಟವೂ ಇತ್ತ್."

"ಎಂತ ಪದಾರ್ಥ?"

ಅಷ್ಟೇ, ಕಟ್ಟೆ ಒಡೆಯಿತು. ತೆಕ್ಕಟ್ಟೆ ಬರುವುದರೊಳಗೆ ನನ್ನ ಹುಳಿಯಲ್ಲಿ ಉಪ್ಪು ಹೆಚ್ಚಾಗುವ ವಿಷಯ ಬಸ್ಸಿಗೆಲ್ಲ ಗೊತ್ತಾಗಿತ್ತು. ಟೀಚರ್ ನಿವೃತ್ತರಾಗಿ, ಮಗಳಿಗೆ ಮದುವೆಯಾಗಿ, ಈಗ ಮೊಮ್ಮಗುವೂ ಇದೆಯಂತೆ. ಸಾಲಿಗ್ರಾಮದಲ್ಲಿ ನಾನು ಇಳಿದೆ. ಹೆಂಡತಿ ಇಳಿದದ್ದನ್ನು ಇವರು ಗಮನಿಸಲೇ ಇಲ್ಲ.

ಹೆಂಡತಿ ಹೋಗಲಿ, ಮಾತಿನ ಭರದಲ್ಲಿ ಬ್ರಹ್ಮಾವರದಲ್ಲಿ ಬ್ಯಾಗನ್ನೂ ಮರೆತು ಬರಿಗೈಯಲ್ಲಿ ಇಳಿದಿದ್ದಾರೆ! ಗಿರಿಜಕ್ಕ ಮುಂದೆ ಸಂತೆಕಟ್ಟೆಗೆ ಹೋಗುವವರು.

ನಮ್ಮ ಕಡೆ ಇದಕ್ಕೆಲ್ಲ ಪೊಲೀಸರು ಬೇಕಾಗಿಲ್ಲ. ಊಟದ ಹೊತ್ತಿಗೆ ಮುಂಚೆ ಎದುರಿನಿಂದ ಬಂದ ಬಸ್ಸಿನ ಕಂಡಕ್ಟರ್ ಬ್ಯಾಗನ್ನು ಇವರ ಆಫೀಸಿನ ಬಾಗಿಲಿಗೇ ತಂದು ಕೊಟ್ಟ. ಬ್ಯಾಗು ಪೂರ್ತಿ ಒದ್ದೆ. ಆಸ್ಪತ್ರೆಯ ವಾರ್ಡಿನ ವಾಸನೆ. ಜೊತೆಗೆ ಒಂದು ಸಂದೇಶ: "ಗಿರಿಜಕ್ಕ ಹೇಳಿಕಳ್ಸಿರ್. ಹೆದ್ರಬ್ಯಾಡಿ ಅಂಬ್ರ್. ಬಾಟ್ಲಿ ಖಾಲಿ ಆಪಲ್ಲಿವರಿಗೆ ಹೊಡ್ದಿರಂಬ್ರ್."

ಫೋನಿನಲ್ಲಿ ಇದನ್ನು ಹೇಳುವಾಗ ಇವರು ನಗುತ್ತಿದ್ದ ರೀತಿ ಕೇಳಿ ನನ್ನ ಕೈಯ ಮಾವಿನ ಮಿಡಿ ಕೆಳಗೆ ಬಿತ್ತು. ಅಂಥ ನಗು ಕೇಳಿ ವರ್ಷಗಳಾಗಿದ್ದವು.

ದೂರು ನಿಂತಿದೆ, ಸುದ್ದಿ ಶುರುವಾಗಿದೆ. ನಿನ್ನೆ ಇವರಿಗೆ ಸೀಟು ಸಿಕ್ಕಿತಂತೆ. ಸಂಜೆ ಪ್ಯಾಂಟಿನ ಮೇಲೆ ಯಾರದೋ ಬಸಳೆಯ ಮಣ್ಣು. ನಾನು ಬೈಯದೆ ಒಗೆಯಲು ಹಾಕಿದೆ.

ಅಂದ ಹಾಗೆ, ಇವತ್ತು ನಿಮ್ಮ ಮಡಿಲಲ್ಲಿ ಯಾರ ಬ್ಯಾಗಿತ್ತು?