ತಂಗಿಯ ಗಲ್ಲದ ಬರೆ

ನಿಜಾಮರ ಕಾಲ. ಲಿಂಗಸುಗೂರಿನ ದವಾಖಾನೆಯಲ್ಲಿ ಡಾಕ್ಟರರು ನನ್ನ ತಂಗಿಯ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿದರು. ದವಡೆ ‘ಕಟ್’ ಎಂದಿತು. ಬಾಯಿ ಅರ್ಧಕ್ಕೇ ನಿಂತಿತು.

“ರೊಟ್ಟಿ ಅಗಿವಾಗ ಹಿಂಗ ಸಪ್ಪಳ ಬರತೈತೇನವ್ವ? ಮುಂಜಾನಿ ಬಾಯಿ ಬಿಗಿ ಹಿಡಿತೈತೇನು?”

ಅವಳು ಹೌದೆಂದು ತಲೆಯಾಡಿಸಿದಳು.

“ಇದು ದವಡಿ ಕೀಲಿನ ಬ್ಯಾನಿ. ಮೆತ್ತನ್ನ ಊಟ, ಬಿಸಿ ಅರಿವಿ ಶಾಖ ಸಾಕಿತ್ತು. ಗಲ್ಲ ಸುಟ್ಟವರು ಯಾರು?”

“ಒಲಿ ಮುಂದ ಜಾರಿ ಬಿದ್ದಿದ್ದೆರಿ,” ಎಂದಳು ತಂಗಿ.

ಸುಳ್ಳು. ಗಾಳಿ ಸೋಕಿ ಬಾಯಿ ಕಟ್ಟಿದೆ ಎಂದು ನಂಬಿ, ಕುಡಗೋಲು ಕಾಯಿಸಿ ಅವಳಿಗೆ ಬರೆ ಹಾಕಿದವನು ಅಣ್ಣನಾದ ನಾನು. ಪಕ್ಕದಲ್ಲೇ ನಿಂತಿದ್ದೆ; ತುಟಿ ಬಿಚ್ಚಲಿಲ್ಲ.

ನೋವು ತಿಂಗಳಲ್ಲಿ ಹೋಯಿತು, ಬರೆ ಹೋಗಲಿಲ್ಲ. ಯಾರಾದರೂ ಕೇಳಿದರೆ ಅವಳು ಇಂದಿಗೂ ಒಲೆಯ ಹೆಸರೇ ಹೇಳುತ್ತಾಳೆ. ನಾನು ಇಂದಿಗೂ ಸುಮ್ಮನಿರುತ್ತೇನೆ.