ಬಿಚ್ಚದ ಸ್ಟೇರಿಂಗ್

ನಮ್ಮ ಸಣ್ಣ ಟ್ರ್ಯಾಕ್ಟರಿನ ಒಡೆದ ಸ್ಟೇರಿಂಗ್ ಚಕ್ರ ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ನಟ್ಟು ಸಡಿಲಿಸಿ, ಮೊಣಕಾಲಿಂದ ಚಕ್ರವನ್ನು ಮೇಲಕ್ಕೊತ್ತುತ್ತ ಸುತ್ತಿಗೆಯಿಂದ ಬಡಿದೆ. ಬೆಳಗಿನಿಂದ ಮಧ್ಯಾಹ್ನದವರೆಗೂ ಟ್ರ್ಯಾಕ್ಟರ್ ಮಾಡಿದವರಿಗೆ ಹಿಡಿಶಾಪ ಹಾಕಿದೆ. ಕೊನೆಗೆ ರಾಂಜಣಗಾಂವದ ಮಿಸ್ತ್ರಿ ಚಕ್ರ ಕೀಳುವ ಪುಲ್ಲರ್ ತಂದು ಎಳೆದಾಗ ಅದು ಕಿತ್ತು ಬಂತು. ಒಳಗೆ ತುಕ್ಕಿನ ಜೊತೆ ಹಳದಿ ಪುಡಿ ಸಿಮೆಂಟಿನಂತೆ ಗಟ್ಟಿಯಾಗಿತ್ತು.

"ಹಾ ತರ ಭಂಡಾರಾ!" ಇದು ದೇವರ ಭಂಡಾರವಲ್ಲವೇ ಎಂದು ಮಿಸ್ತ್ರಿ ಮರಾಠಿಯಲ್ಲಿ ಹೇಳಿ ನಕ್ಕ.

ಚಕ್ರದ ನಡುವಿನ ಮುಚ್ಚಳ ಕಳೆದು ಎಷ್ಟೋ ಕಾಲವಾಗಿತ್ತು. ವರ್ಷವರ್ಷವೂ ಜೇಜುರಿಯ ಗುಡಿಯಿಂದ ತಂದ ಖಂಡೋಬ ದೇವರ ಭಂಡಾರದ ಅರಿಶಿನವನ್ನು ಟ್ರ್ಯಾಕ್ಟರಿನ ಪೂಜೆಗೆಂದು ಆ ಕುಳಿಗೆ ಮುಷ್ಟಿಗಟ್ಟಲೆ ಸುರಿದವನು ನಾನೇ.

"ಮುಂಜಾನಿಂದ ಬೈಲಾಕತ್ತಿದ್ರಿ, ಈಗ ಯಾರಿಗಿ ಬೈತೀರಿ?" ಎಂದು ಹೆಂಡತಿ ಕೇಳಿದಳು.

ನಾನು ಹೊಸ ಚಕ್ರ ಕೂರಿಸಿ, ಮುಚ್ಚಳ ಒತ್ತಿ, ಈ ವರ್ಷ ತಂದಿದ್ದ ಭಂಡಾರದ ಪೊಟ್ಟಣವನ್ನು ಅವಳ ಕೈಗಿಟ್ಟೆ.